ಕಲ್ಲಿನ ಮೇಲೆ ಬಿಟ್ಟ ಎರಡು ಸಾಲು

ಕಾಚು ಕುದಿಯುವ ವಾಸನೆಯನ್ನು ಎಲ್ಸ್‌ಪೆತ್ ವಿಂಡ್ರಮ್ ತನಗೆ ಎಪ್ಪತ್ತಮೂರು ವರ್ಷವಾದರೂ ಮರೆತಿರಲಿಲ್ಲ. ಐಮೌತ್ ಬಂದರಿನ ಹಿಂದೆ, ಉಪ್ಪಿನ ಉಗ್ರಾಣಕ್ಕೆ ಒತ್ತಿಕೊಂಡಿದ್ದ ಕೊಟ್ಟಿಗೆಯಲ್ಲಿ, ಅವಳ ಅಪ್ಪ ದೊಡ್ಡ ತಾಮ್ರದ ಹಂಡೆಗೆ ಕಾಚಿನ ಗಟ್ಟಿಗಳನ್ನು ಹಾಕಿ ಕುದಿಸುತ್ತಿದ್ದ. ಹತ್ತಿಯ ಬಲೆಗಳು ಸಮುದ್ರದ ನೀರಿಗೆ ಕೊಳೆಯದಿರಲೆಂದು ಅವನ್ನು ಆ ಕಂದು ನೀರಿನಲ್ಲಿ ಅದ್ದಿ ಅದ್ದಿ ತೆಗೆದು ಹುಲ್ಲಿನ ಮೇಲೆ ಹರಡುವುದು ಅವನ ಕೆಲಸ. ಒಗರಿನಲ್ಲಿ ಸ್ವಲ್ಪ ಸಿಹಿ ಬೆರೆತ ಆ ವಾಸನೆ ಅಪ್ಪನ ಅಂಗಿಯಲ್ಲಿತ್ತು, ಉಗುರಿನ ಸಂದಿಯಲ್ಲಿತ್ತು, ಅವನು ಮುರಿದು ಕೊಟ್ಟ ಬ್ರೆಡ್ಡಿನ ಚೂರಿನಲ್ಲೂ ಇರುತ್ತಿತ್ತು.

ಅವಳ ಜನನಪತ್ರದಲ್ಲಿ ತಂದೆಯ ಕಸುಬು ಎಂಬಲ್ಲಿ, ಬಲೆಗೆ ಕಾಚು ಹಾಕುವವನನ್ನು ಕರೆಯುವ ಒಂದೇ ಒಂದು ಪದವಿತ್ತು. ಐಮೌತ್‌ನಲ್ಲಿ ಅದರ ಅರ್ಥ ಕೂಸುಗಳಿಗೂ ಗೊತ್ತು. ಎಡಿನ್‌ಬರೋದಲ್ಲಿ ಕಾಲೇಜು ಸೇರಿದ ದಿನ ಮಾತ್ರ ಗುಮಾಸ್ತನೊಬ್ಬ ಅರ್ಜಿಯಲ್ಲಿ ಆ ಪದ ಕಂಡು, ಇದೂ ಒಂದು ಕೆಲಸವೇ ಎಂದು ಕೇಳಿದ್ದ. ಅವಳು ಹಂಡೆ, ಕಾಚು, ಬಲೆ ಎಲ್ಲವನ್ನೂ ವಿವರಿಸಿದಳು. ಅವನು ತಾಳ್ಮೆಯಿಂದ ಕೇಳಿಸಿಕೊಂಡು, ಆ ಪದದ ಮೇಲೆ ಗೆರೆ ಎಳೆದು, ‘ಕೂಲಿ’ ಎಂದು ಬರೆದುಕೊಂಡ.

ಆ ಗೆರೆಯಿಂದಲೇ ಇರಬೇಕು, ಅವಳು ಹಳೆಯ ಕಸುಬುಗಳ ಹೆಸರು ಕೂಡಿಡತೊಡಗಿದ್ದು. ಮೊಟ್ಟೆ ಬೆಣ್ಣೆ ಹೊತ್ತು ಊರೂರು ತಿರುಗಿ ಮಾರುವವನ ಹೆಸರು, ಸೂಲಗಿತ್ತಿಯ ಹಳೆಯ ಹೆಸರು, ರಾಜನ ಅಪ್ಪಣೆ ಪಡೆದು ನೀಲಿ ನಿಲುವಂಗಿ ತೊಟ್ಟು ಭಿಕ್ಷೆ ಬೇಡುವವನ ಹೆಸರು. ಒಂದೊಂದಕ್ಕೆ ಒಂದೊಂದು ಕಾರ್ಡು. ಡನ್ಸ್ ಪಟ್ಟಣದಲ್ಲಿ ಮೂವತ್ತಾರು ವರ್ಷ ಭೂಗೋಳ ಪಾಠ ಹೇಳುತ್ತಿದ್ದಾಗಲೂ, ನಿವೃತ್ತಿಯ ನಂತರವೂ, ವಾರಕ್ಕೆರಡು ದಿನ ಲೈಬ್ರರಿಯ ಮೇಲಿನ ಕೋಣೆಯಲ್ಲಿ ಕೂತು, ವಂಶದ ಮೂಲ ಹುಡುಕಿಕೊಂಡು ಬಂದವರಿಗೆ ಅವಳು ಈ ಹೆಸರುಗಳನ್ನು ಬಿಡಿಸಿ ಹೇಳುತ್ತಿದ್ದಳು. ಆ ಕೋಣೆ ಅಲ್ಲಿನ ವಂಶಾವಳಿ ಸಂಘದ್ದು. ಅವಳ ಜೊತೆ ಕೂರುತ್ತಿದ್ದವನು ಡೂಗಲ್, ನಿವೃತ್ತ ಪೋಸ್ಟ್‌ಮ್ಯಾನ್.

ಅಕ್ಟೋಬರಿನ ಒಂದು ಮಂಗಳವಾರ ಮೆಟ್ಟಿಲ ಮೇಲೆ ಮೆತ್ತನೆಯ ಹೆಜ್ಜೆ ಕೇಳಿಸಿತು. ಅರವತ್ತರ ಒಬ್ಬ ದಪ್ಪ ಮನುಷ್ಯ ಬರೀ ಕಾಲುಚೀಲದಲ್ಲಿ ಬಾಗಿಲಲ್ಲಿ ನಿಂತಿದ್ದ. ಕೆಸರಿನ ಬೂಟುಗಳನ್ನು ಕೆಳಗೇ ಬಿಟ್ಟು ಬಂದಿದ್ದ. ಹಿಂದಿನ ವಾರವಷ್ಟೇ ಹಾಸಿದ ಹೊಸ ಕಾರ್ಪೆಟ್ಟನ್ನು ಮೊದಲು ಗಮನಿಸಿದವನು ಅವನೇ.

“ಮಿಸ್, ನಾನು ವಾಟ್ ರೆಂಟನ್. ನೆನಪಿದ್ಯಾ? ಹಿಂದಿನ ಬೆಂಚು.”

“ನದಿಗಳ ಹೆಸರು ಕೇಳಿದ್ರೆ ಕಿಟಕಿ ಕಡೆ ನೋಡ್ತಿದ್ದೋನು. ಕೂತ್ಕೋ.”

“ಈಗ ಆ ನದಿಗಳ ಪಕ್ಕದಲ್ಲೇ ಚರಂಡಿ ತೋಡ್ತಾ ಇದೀನಿ ಮಿಸ್. ನಿಮ್ಮ ಶಾಪ.”

ಡೂಗಲ್ ನಕ್ಕ. ವಾಟ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ವಿಷಯ ಹೇಳಿದ. ಎಡರ್‌ಲಾ ಹಳ್ಳಿಯ ಚರ್ಚಿನ ಅಂಗಳದಲ್ಲಿ ಅವನ ಮನೆತನದ ಸಮಾಧಿಕಲ್ಲು ವಾಲಿಕೊಂಡಿತ್ತು. ಯಾರ ಮಗುವಿನ ಮೇಲಾದರೂ ಬಿದ್ದೀತು ಎಂದು ಅವನೇ ಕಲ್ಲುಕುಟಿಗನನ್ನು ಕರೆಸಿ ಎತ್ತಿಸಿದ್ದ.

“ಈಗ ಕಲ್ಲು ಅವನ ಅಂಗಳದಲ್ಲಿ ಮಲಗಿದೆ. ಶುಕ್ರವಾರ ಬೆಳಿಗ್ಗೆ ತಂದು ನೆಡ್ತಾನಂತೆ. ಏನಾದ್ರೂ ಕೆತ್ತಿಸೋದಿದ್ರೆ ಅಷ್ಟರಲ್ಲಿ ಹೇಳಿ ಅಂದ. ಹಳೇ ಮರಳುಕಲ್ಲು, ನೆಟ್ಟ ಮೇಲೆ ಉಳಿ ಹಾಕಿದ್ರೆ ಪದರ ಪದರ ಎದ್ದು ಹೋಗತ್ತಂತೆ.”

“ಕೆತ್ತಿಸೋದು ಏನಿದೆ?”

“ಅದೇ ಮಿಸ್ ವಿಚಿತ್ರ. ಮೇಲೆ ಆಡಮ್ ಟ್ರಾಟರ್ ಅಂತ ಒಬ್ಬನ ಹೆಸರು. ಬ್ಲ್ಯಾಕ್‌ರಿಗ್ ಫಾರ್ಮ್‌ನಲ್ಲಿ ಹೈಂಡ್, ಅಂದ್ರೆ ಉಳುಮೆ ಆಳು ಆಗಿದ್ದೋನು, ನಮ್ಮ ಎಫೀ ಅತ್ತೆಗೆ ಮುತ್ತಾತ. ಅವನ ಕೆಳಗೆ ಅವನ ಹೆಂಡ್ತಿ. ತೀರಾ ಕೆಳಗೆ ಅವರ ಮಗಳು ಕರ್ಸ್ಟಿ, ಎಡರ್‌ಲಾ ಶಾಲೇಲಿ ಟೀಚರ್ ಆಗಿದ್ದೋರು. ಅತ್ತೇನ ಸಾಕಿದ ಅಜ್ಜಿ ಅವರೇ. ನಡುವೆ ಎರಡು ಸಾಲು ಖಾಲಿ. ಚರ್ಚಿನ ಪುಸ್ತಕ ನೋಡಿದ್ರೆ ಆ ಜಾಗದಲ್ಲಿ ಮಲಗಿರೋರು ಮೂರಲ್ಲ, ನಾಲ್ಕು ಜನ. ಇನ್ನೊಬ್ಬಳು ಮೇರಿಯನ್ ಲಿಲಿ ಅಂತ, 1916ರಲ್ಲಿ ಹೂಳಿದ್ದು.”

“ಹೆಸರು ಕೆತ್ತಿಸಬಹುದಲ್ಲ.”

“ಜಾಗದ ಪತ್ರ ಇರೋದು ಅತ್ತೆ ಹೆಸರಲ್ಲಿ. ಅವಳ ಸಹಿ ಇಲ್ದೆ ಉಳಿ ಎತ್ತಲ್ಲ ಅಂತಾನೆ ಕಲ್ಲುಕುಟಿಗ. ಅತ್ತೆ ಏನಂದ್ಲು ಗೊತ್ತಾ? ‘ಆ ಹೆಂಗಸಿನ ಹೆಸರು ನಮ್ಮಜ್ಜಿ ಹೆಸರಿನ ಮೇಲೆ ಬರಕೂಡದು’ ಅಂದ್ಲು. ಯಾಕತ್ತೆ ಅಂದ್ರೆ...” ವಾಟ್ ಟೋಪಿಯನ್ನು ಒಮ್ಮೆ ತಿರುಗಿಸಿದ. “‘ಡನ್ಸ್ ಲೈಬ್ರರಿ ಮೇಲೆ ಕೂತಿರ್ತಾಳಲ್ಲ ಆ ವಿಂಡ್ರಮ್, ಅವಳನ್ನ ಕೇಳು. ಹೇಳಿದ್ದು ಅವಳೇ’ ಅಂದ್ಲು. ತಪ್ಪು ತಿಳ್ಕೋಬೇಡಿ ಮಿಸ್, ಅವಳ ಮಾತೇ ಹಾಗೆ.”

ಎಲ್ಸ್‌ಪೆತ್‌ಗೆ ಏನೂ ನೆನಪಾಗಲಿಲ್ಲ. ಆದರೆ ಬಂದವರ ಹೆಸರು, ಕೇಳಿದ ಪ್ರಶ್ನೆ, ಕೊಟ್ಟ ಉತ್ತರ ಎಲ್ಲವನ್ನೂ ಬರೆದಿಡುವುದು ಅವಳ ಅಭ್ಯಾಸ. ಕಪಾಟಿನ ತಳದಿಂದ ಹಳೆಯ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ನೋಡುತ್ತ ಹೋದಳು. 1994ರ ಪುಸ್ತಕದಲ್ಲಿ, ಅವಳದೇ ದುಂಡಗಿನ ಅಕ್ಷರದಲ್ಲಿ ಇತ್ತು: ಮಿಸ್ ಎಫೀ ರೆಂಟನ್, ಎಡರ್‌ಲಾ. ಮೇರಿಯನ್ ಲಿಲಿ ಯಾರು? 1881ರ ಜನಗಣತಿ: ವಿಧುರ ಆಡಮ್ ಟ್ರಾಟರ್‌ನ ಮನೆಯಲ್ಲಿ ಅವಿವಾಹಿತೆ, ಇಪ್ಪತ್ತೇಳು ವರ್ಷ, ಆಳು. ಬಹುಶಃ ಇಟ್ಟುಕೊಂಡವಳು. ಉತ್ತರ ಕೊಟ್ಟಾಯಿತು.

ಕೊನೆಯಲ್ಲಿ ಒಂದು ಪುಟ್ಟ ಸರಿ ಗುರುತು.

ಆಗ ನೆನಪಾಯಿತು. ಬೂದು ಕೋಟು ಹಾಕಿದ್ದ, ನೆಟ್ಟಗೆ ಕೂತಿದ್ದ ಹೆಂಗಸು. ಆಗ ಸಂಘದ ಬಳಿ ಇದ್ದದ್ದು 1881ರ ಜನಗಣತಿಯ ಸಾರಾಂಶವೊಂದೇ. ಅದನ್ನು ನೋಡಿ ಅವಳೇ ಆಡಿದ್ದ ಮಾತು ಕಿವಿಯಲ್ಲಿ ಕೇಳಿಸಿದಂತಾಯಿತು: “ಎರಡು ಕೋಣೆ ಮನೇಲಿರೋ ಬಡ ಹೈಂಡ್ ಆಳಿಟ್ಕೋತಾನಾ, ಮಿಸ್ ರೆಂಟನ್? ಹೆಂಡ್ತಿ ಬೇರೆ ಸತ್ತಿದಾಳೆ. ಆಗೆಲ್ಲ ಇಂಥದ್ದು ನಡೀತಿತ್ತು ಬಿಡಿ. ಈಗ ಯಾರೂ ತಪ್ಪು ತಿಳಿಯಲ್ಲ.” ಎಷ್ಟು ಮೃದುವಾಗಿ ಹೇಳಿದ್ದಳು! ಉದಾರ ಮನಸ್ಸಿನವಳು ಎಂದು ತನ್ನ ಬಗ್ಗೆ ತಾನೇ ಸ್ವಲ್ಪ ಮೆಚ್ಚಿಕೊಂಡಿದ್ದಳು ಕೂಡ. ಪಕ್ಕದ ಮೇಜಿನಲ್ಲಿ ಯಾರೋ ಸಣ್ಣಗೆ ನಕ್ಕಿದ್ದರು. ಎಫೀ ರೆಂಟನ್ ಒಂದೊಂದೇ ಬೆರಳು ತೂರಿಸಿ ಕೈಗವಸು ಹಾಕಿಕೊಂಡು, ಬರುತ್ತೇನೆ ಎನ್ನದೆ ಮೆಟ್ಟಿಲಿಳಿದು ಹೋಗಿದ್ದಳು.

“ಗುರುವಾರ ನಾನೇ ಎಡರ್‌ಲಾಕ್ಕೆ ಬರ್ತೀನಿ ವಾಟ್,” ಎಂದಳು ಎಲ್ಸ್‌ಪೆತ್. “ಅತ್ತೆಗೆ ಹೇಳಿರು.”

“ಹೇಳ್ತೀನಿ. ಬಾಗಿಲು ತೆಗೀತಾಳೆ ಅಂತ ಮಾತು ಕೊಡಲ್ಲ.”

ಅವನು ಹೋದ ಮೇಲೆ ಡೂಗಲ್ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದ. ಓದಿ ಕನ್ನಡಕ ತೆಗೆದ.

“ಟೀಚರಮ್ಮ, ಅವಳು ಅವನ ಆಳಲ್ಲ.”

“ಇನ್ಯಾರ ಆಳು?”

“ಫಾರ್ಮಿನ ಯಜಮಾನನ ಆಳು. ಹೈಂಡ್ ಅಂದ್ರೆ ಜೋಡಿ ಕುದುರೆ ಹೂಡೋ ವರ್ಷದಾಳು. ಅವನಿಗೆ ಮನೆ ಕೊಡ್ತಾರೆ, ಓಟ್ಸ್ ಕೊಡ್ತಾರೆ, ಒಂದು ಹಸು ಕಟ್ಕೊಳ್ಳೋಕೆ ಬಿಡ್ತಾರೆ. ಆದ್ರೆ ಒಂದು ಕರಾರು. ಹೊಲದ ಕೆಲಸಕ್ಕೆ ಒಬ್ಬ ಹೆಣ್ಣಾಳನ್ನ ಜೊತೇಲಿ ಅವನೇ ತರಬೇಕು. ಹೆಂಡ್ತಿಗೆ ಎಳೇ ಮಕ್ಕಳಿದ್ರೆ, ಬೇರೆಯವರ ಮನೆ ಹುಡುಗೀನ ಸಂತೇಲಿ ಗೊತ್ತುಮಾಡಿ ಕರ್ಕೊಂಡು ಬಂದು, ತನ್ನ ಮಕ್ಕಳ ಪಕ್ಕ ಮಲಗಿಸಿ, ತನ್ನ ಗಂಜೀಲೇ ಪಾಲು ಕೊಡಬೇಕು. ಹೆಣ್ಣಾಳಿಲ್ಲ ಅಂದ್ರೆ ಹೈಂಡ್‌ಗೆ ಕೆಲಸ ಇಲ್ಲ, ಮನೆ ಇಲ್ಲ. ನಮ್ಮಜ್ಜಿ ಹೀಗೇ ಮೂರು ಮನೇಲಿ ಇದ್ದೋಳು. ಅಂಥ ಹೆಣ್ಣಾಳನ್ನ ಬಾಂಡೇಜರ್ ಅಂತಿದ್ರು.”

“ಬಾಂಡೇಜರ್ ಅಂದ್ರೆ ನನಗೆ ಗೊತ್ತು ಡೂಗಲ್. ನನ್ನ ಪೆಟ್ಟಿಗೇಲಿ ಕಾರ್ಡೇ ಇದೆ.”

“ಕಾರ್ಡಿದೆ, ಹೊಲ ಇಲ್ವಲ್ಲ. ನೀವು ಮೀನಿನ ಊರಿನವರು. ಮೀನು ಕೊಟ್ರೆ ಯಾವ ದೋಣೀದು ಅಂತ ಹೇಳ್ತೀರಿ. ನಮ್ಮ ಕಡೆ ಹೈಂಡ್ ಮನೇಲಿ ಹೆಚ್ಚಿಗೆ ಹೆಂಗಸು ಒಬ್ಬಳು ಕಂಡ್ರೆ ಮೊದಲು ನೋಡೋದು ಅವಳು ಕೀಳೋಕೆ ಹೊಲದಲ್ಲಿ ಟರ್ನಿಪ್ ಗೆಡ್ಡೆ ಎಷ್ಟಿತ್ತು ಅಂತ.”

ಅವಳಿಗೆ ಕೋಪ ಬರಲಿಲ್ಲ. ಆ ಮಾತು ನಿಜವಾಗಿತ್ತು. ಬಡವನ ಮನೆಯಲ್ಲಿ ಆಳಿರುವುದಿಲ್ಲ ಎಂಬ ಲೆಕ್ಕ ಐಮೌತ್‌ನ ಮೀನುಗಾರರ ಓಣಿಗೆ ಸರಿ. ಆ ಲೆಕ್ಕವನ್ನು ಹೊಲದ ಮಧ್ಯದ ಮನೆಗೆ ಹೊತ್ತುಕೊಂಡು ಹೋಗಿದ್ದಳು.

ಆಗ ಇಲ್ಲದಿದ್ದ 1871ರ ಜನಗಣತಿಯ ಫಿಲ್ಮ್ ಸುರುಳಿ ಈಗ ಸಂಘದಲ್ಲಿತ್ತು. ಬ್ಲ್ಯಾಕ್‌ರಿಗ್‌ನ ಆಳುಗಳ ಮನೆಸಾಲು ಸಿಗಲು ಹತ್ತು ನಿಮಿಷ ಸಾಕಾಯಿತು. ಆಡಮ್ ಟ್ರಾಟರ್, ಹೈಂಡ್. ಹೆಂಡತಿ ಮಾರ್ಗರೆಟ್. ನಾಲ್ಕು ವರ್ಷದ ಕರ್ಸ್ಟಿ, ಅವಳ ಕೆಳಗೆ ಇಬ್ಬರು ಗಂಡುಕೂಸುಗಳು. ಕೊನೆಯಲ್ಲಿ ಮೇರಿಯನ್ ಲಿಲಿ, ಹದಿನೇಳು ವರ್ಷ, ಬಾಂಡೇಜರ್. ಹೆಂಡತಿ ಬದುಕಿದ್ದಾಗಲೇ ಬಂದವಳು.

“ಸಾಕಲ್ಲ,” ಎಂದ ಡೂಗಲ್. “ಇಷ್ಟು ತೋರಿಸಿದ್ರೆ ಆಯ್ತು.”

“1881ರದ್ದು ಇನ್ನೊಮ್ಮೆ ನೋಡೋಣ.” ಈ ಸಲ ಅವಳು ಸಾರಾಂಶವನ್ನು ಬಿಟ್ಟು ಮೂಲ ಹಾಳೆಯನ್ನೇ ತೆಗೆದಳು. ತಾಯಿ ಸತ್ತು ಐದು ವರ್ಷವಾಗಿತ್ತು. ಮೇರಿಯನ್ ಅಲ್ಲೇ ಇದ್ದಳು. ಕರ್ಸ್ಟಿಯ ಹೆಸರಿನ ಮುಂದೆ, ಹದಿನಾಲ್ಕು ವರ್ಷ, ವಿದ್ಯಾರ್ಥಿನಿ.

ಡೂಗಲ್ ಹಾಳೆಯ ಹತ್ತಿರ ಬಗ್ಗಿದ. “ಇದು ಹೇಗಾಗತ್ತೆ?”

“ಯಾಕೆ?”

“ಮನೇಲಿ ಹದಿನಾಲ್ಕರ ಮಗಳಿದ್ರೆ ಬೇರೆ ಹೆಣ್ಣಾಳು ಯಾಕೆ? ಹುಡುಗಿಗೆ ಹನ್ನೆರಡೋ ಹದಿಮೂರೋ ಆಗ್ತಿದ್ದ ಹಾಗೆ ಹುಲ್ಲಿನ ಟೋಪಿ ಹಾಕಿಸಿ ಹೊಲಕ್ಕೆ ಇಳಿಸ್ತಿದ್ರು. ಬೇರೆಯೋಳು ಗಂಟು ಕಟ್ಕೊಂಡು ಹೋಗೋಳು. ಎಲ್ಲರ ಮನೇಲೂ ಹಾಗೇ. ನಮ್ಮಜ್ಜಿ ಮೂರು ಮನೆ ಬದಲಾಯಿಸಿದ್ದು ಅದಕ್ಕೇ.”

ಎಲ್ಸ್‌ಪೆತ್ ಆ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಬುಧವಾರ ಸಂಘದ ಕೋಣೆಗೆ ರಜೆ. ಆದರೂ ಲೈಬ್ರರಿಯ ಹುಡುಗಿ ಬೀಗದ ಕೈ ಕೊಟ್ಟಳು, ಒಂದು ಗಂಟೆಯ ನಂತರ ತಾನೇ ಬಂದು ಚಳಿಗೆಂದು ವಿದ್ಯುತ್ ಹೀಟರ್ ಹಚ್ಚಿಟ್ಟು ಹೋದಳು. ಬ್ಲ್ಯಾಕ್‌ರಿಗ್‌ನ ಯಜಮಾನರ ಮನೆಯವರು ಹಿಂದೊಮ್ಮೆ ಆಳುಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದ ಪುಸ್ತಕದ ನಕಲನ್ನು ಸಂಘಕ್ಕೆ ಕೊಟ್ಟಿದ್ದರು. ಯಾರೂ ಅದರ ಪಟ್ಟಿ ಮಾಡಿರಲಿಲ್ಲ. ಪ್ರತಿ ವರ್ಷ ಮಾರ್ಚಿನಲ್ಲಿ ಒಂದು ಪುಟ: ಯಾವ ಹೈಂಡ್ ಮತ್ತೊಂದು ವರ್ಷಕ್ಕೆ ಉಳಿಯುತ್ತಾನೆ, ಅವನ ಹೆಣ್ಣಾಳು ಯಾರು. ಎಲ್ಸ್‌ಪೆತ್ ಬೆರಳಿಟ್ಟುಕೊಂಡು ಇಳಿದಳು. 1870, ಟ್ರಾಟರ್, ಲಿಲಿ. 1871, ಟ್ರಾಟರ್, ಲಿಲಿ. ಮಾರ್ಗರೆಟ್ ಸತ್ತ ವರ್ಷ, ಟ್ರಾಟರ್, ಲಿಲಿ. 1885ರವರೆಗೂ ಅದೇ ಎರಡು ಹೆಸರು.

1880ರ ಪುಟದಲ್ಲಿ ಯಜಮಾನ ಅಂಚಿನಲ್ಲಿ ಎರಡು ಸಾಲು ಬರೆದಿದ್ದ. ಅವಳು ಅದನ್ನು ಮೂರು ಸಲ ಓದಿದಳು. ಹಿಂದಿನ ಸಲದಂತೆ ಆಗಬಾರದೆಂದು, ಸಂಜೆ ಡೂಗಲ್‌ನ ಮನೆಗೆ ಹೋಗಿ ಅವನಿಂದಲೂ ಓದಿಸಿದಳು. ನಕಲಿನ ನಕಲು ತೆಗೆಸಿ ಚೀಲದಲ್ಲಿಟ್ಟುಕೊಂಡಳು.

“ಜೋಪಾನ,” ಎಂದ ಡೂಗಲ್ ಬಾಗಿಲವರೆಗೆ ಬಂದು. “ಎಫೀ ಎಡರ್‌ಲಾದ ಪೋಸ್ಟ್‌ಮಿಸ್ಟ್ರೆಸ್ ಆಗಿದ್ದಾಗ ಹದಿನೆಂಟು ವರ್ಷ ಅವಳ ಕೈಯಿಂದ ಚೀಲ ಇಸ್ಕೊಂಡಿದೀನಿ. ಒಂದ್ಸಲ ಹಿಮದಲ್ಲಿ ನಾಲ್ಕು ನಿಮಿಷ ತಡವಾಗಿ ಹೋದೆ. ಗಡಿಯಾರ ನೋಡಿದ್ಲೇ ಹೊರತು ನನ್ನ ಮುಖ ನೋಡಲಿಲ್ಲ.” ಸ್ವಲ್ಪ ತಡೆದು ಸೇರಿಸಿದ: “ಆಮೇಲೆ ನೋಡಿದ್ರೆ ನನ್ನ ಕೈಗವಸನ್ನ ಒಲೆ ಮೇಲೆ ಒಣಗೋಕೆ ಹಾಕಿದ್ಲು.”

ಗುರುವಾರ ಹತ್ತೂವರೆಯ ಬಸ್ಸಿನಲ್ಲಿ ಅವಳು ಎಡರ್‌ಲಾ ತಲುಪಿದಳು. ಹಿಂದೆ ಅಂಚೆಕಚೇರಿಯಾಗಿದ್ದ ಮನೆಯ ಬಾಗಿಲನ್ನು ತೆಗೆದವನು ವಾಟ್. ಎಫೀ ರೆಂಟನ್ ಒಲೆಯ ಪಕ್ಕದ ಕುರ್ಚಿಯಲ್ಲಿ, ಎಂಬತ್ತಾರು ವರ್ಷಕ್ಕೂ ನೆಟ್ಟಗೆ, ಬೆನ್ನು ತಾಗಿಸದೆ ಕೂತಿದ್ದಳು. ಗೋಡೆಯ ಮೇಲೆ ಶಾಲೆಯ ಮಕ್ಕಳ ನಡುವೆ ನಿಂತ ಕರ್ಸ್ಟಿ ಟೀಚರ್ ಅವರ ಫೋಟೋ ಇತ್ತು.

“ಹದಿನೇಳು ವರ್ಷ ಬೇಕಾಯ್ತೇನು, ಮಿಸ್ ವಿಂಡ್ರಮ್, ಡನ್ಸ್‌ನಿಂದ ಇಲ್ಲಿಗೆ ಬರೋಕೆ?”

“ತಡ ಆಯ್ತು.”

ವಾಟ್ ಮೆಲ್ಲಗೆ ಅಡಿಗೆಮನೆಯ ಕಡೆ ಸರಿದ.

“ಕೆಟಲ್ ಮುಟ್ಟಬೇಡ,” ಎಂದಳು ಎಫೀ, ಆ ಕಡೆ ತಿರುಗದೆಯೇ. “ಇವರು ಎಷ್ಟು ಹೊತ್ತು ಇರ್ತಾರೋ ಇನ್ನೂ ಗೊತ್ತಾಗಿಲ್ಲ.”

ವಾಟ್ ವಾಪಸು ಬಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತ. ಎಲ್ಸ್‌ಪೆತ್ ಕೋಟು ಬಿಚ್ಚಲಿಲ್ಲ, ಯಾರೂ ಬಿಚ್ಚಿ ಎನ್ನಲೂ ಇಲ್ಲ.

“ಕ್ಷಮೆ ಕೇಳೋಕೆ ಬಂದೆ. ಅವತ್ತು ನಾನು ಹೇಳಿದ್ದು ತಪ್ಪು.”

“ಯಾವುದು ತಪ್ಪು? ಹೇಳಿದ ವಿಷಯವೋ, ಕೋಣೆ ತುಂಬ ಜನ ಇದ್ದಾಗ ಹೇಳಿದ್ದೋ?”

“ಎರಡೂ.”

ಎಫೀ ಕೈಚಾಚಿ ಪುಟ್ಟ ಮೇಜನ್ನು ತಮ್ಮಿಬ್ಬರ ನಡುವೆ ಎಳೆದಳು. ಎಲ್ಸ್‌ಪೆತ್ ಕಾಗದಗಳನ್ನು ಹರಡಿದಳು. ಮೊದಲು ಹೈಂಡ್‌ನ ಕರಾರಿನ ವಿಷಯ ಹೇಳಿದಳು. ಅದು ಎಫೀಗೆ ಅರ್ಧಮರ್ಧ ಗೊತ್ತಿತ್ತು. ಹುಡುಗಿಯಾಗಿದ್ದಾಗ ಹುಲ್ಲಿನ ಟೋಪಿ ಹಾಕಿ, ಕಾಲಿಗೆ ಹುಲ್ಲಿನ ಹಗ್ಗ ಸುತ್ತಿಕೊಂಡು, ಹಿಮಗಟ್ಟಿದ ಟರ್ನಿಪ್‌ಗಳ ತಲೆ ಕೊಯ್ಯುತ್ತಿದ್ದ ಕೊನೆಯ ಮುದುಕಿಯರನ್ನು ನೋಡಿದ್ದಳು. ಅವರು ಯಾರದೋ ಹೆಂಡತಿಯರು, ಹೆಣ್ಣುಮಕ್ಕಳು ಎಂದುಕೊಂಡಿದ್ದಳಷ್ಟೆ. ತನ್ನ ಅಜ್ಜಿಯ ಮನೆಯಲ್ಲೇ ಅಂಥವಳೊಬ್ಬಳು ಇದ್ದಿರಬಹುದೆಂದು ಹೊಳೆದಿರಲಿಲ್ಲ.

“ಅಂದ್ರೆ ಇವಳಿಲ್ಲದಿದ್ರೆ?”

“ತಾಯಿ ಹೋದ ವರ್ಷ ಇವಳು ಬಿಟ್ಟು ಹೋಗಿದ್ರೆ ಆಡಮ್‌ಗೆ ಮನೆ ಇರ್ತಿರಲಿಲ್ಲ. ಮಕ್ಕಳು ಯಾರ್ಯಾರ ಮನೆಗೋ ಹಂಚಿ ಹೋಗ್ತಿದ್ರು. ಕರಾರು ಒಂದೊಂದು ವರ್ಷದ್ದು. ಪ್ರತಿ ಮಾರ್ಚಲ್ಲೂ ಅವಳಿಗೆ ಹೋಗೋ ಸ್ವಾತಂತ್ರ್ಯ ಇತ್ತು.”

“ಹೋಗಲಿಲ್ಲ.”

“ಹದಿನಾರು ವರ್ಷ ಹೋಗಲಿಲ್ಲ. ಇದನ್ನ ನೀವೇ ಓದಿ.”

ಎಫೀ ಭೂತಗನ್ನಡಿ ತೆಗೆದುಕೊಂಡಳು. ಜನ್ಮವೆಲ್ಲ ಲಕೋಟೆಗಳ ಮೇಲಿನ ಕೆಟ್ಟ ಅಕ್ಷರ ಓದಿದವಳು, ಯಜಮಾನನ ಬರಹ ಅವಳಿಗೆ ಕಷ್ಟವಾಗಲಿಲ್ಲ. ಜೋರಾಗಿ ಓದಿದಳು: “‘ಟ್ರಾಟರ್‌ನ ಮಗಳಿಗೆ ಹದಿಮೂರಾಯಿತು, ಈ ಸಲ ಅವಳನ್ನೇ ಹೊಲಕ್ಕೆ ತರಬಹುದು ಎಂದೆ. ಬೇರೆ ಫಾರ್ಮಿನಲ್ಲಿ ಕೆಲಸ ಗೊತ್ತಾಗಿದ್ದ ಲಿಲಿ ಅದನ್ನು ಬಿಟ್ಟು ತಾನೇ ಬಂದಳು. ಹುಡುಗಿ ಶಾಲೆಯಲ್ಲೇ ಇರುತ್ತಾಳಂತೆ.’”

ಓದಿದ ಮೇಲೆ ಭೂತಗನ್ನಡಿಯನ್ನು ಕೆಳಗಿಡಲಿಲ್ಲ. ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡಳು. ವಾಟ್ ಸ್ಟೂಲಿನಲ್ಲಿ ಮುಂದಕ್ಕೆ ಬಾಗಿದ್ದ.

“ಅತ್ತೆ, ಹಾಗಾದ್ರೆ ಕರ್ಸ್ಟಿ ಅಜ್ಜಿ ಟೀಚರ್ ಆಗಿದ್ದೇ...”

“ನನಗೆ ಅರ್ಥ ಆಗತ್ತೆ. ನನಗೆ ಪಾಠ ಹೇಳಬೇಡ.” ಎಫೀ ಎಲ್ಸ್‌ಪೆತ್‌ಳ ಕಡೆ ತಿರುಗಿದಳು. ಆ ತಿಳಿನೀಲಿ ಕಣ್ಣುಗಳಲ್ಲಿ ಕರುಣೆಯೇನೂ ಇರಲಿಲ್ಲ. “ಈಗ ಒಂದು ಮಾತು ಕೇಳ್ತೀನಿ, ಸರಿಯಾಗಿ ಹೇಳಿ. ಇವಳಿಗೂ ಆಡಮ್‌ಗೂ ಏನೂ ಇರಲಿಲ್ಲ ಅಂತ ಈ ಕಾಗದಗಳಲ್ಲಿ ಇದ್ಯಾ?”

ಇಲ್ಲ ಎಂದರೆ ಸಹಿ ಕೈತಪ್ಪಿ ಹೋದೀತು. ಏನೂ ಇರಲಿಲ್ಲ ಎಂದುಬಿಡುವುದು ಸುಲಭವಾಗಿತ್ತು, ಅದನ್ನು ಸುಳ್ಳೆಂದು ತೋರಿಸುವವರು ಯಾರೂ ಬದುಕಿರಲಿಲ್ಲ. ವಾಟ್ ತನ್ನ ಮುಖವನ್ನೇ ನೋಡುತ್ತಿರುವುದು ಎಲ್ಸ್‌ಪೆತ್‌ಗೆ ತಿಳಿಯಿತು. ಮರುದಿನ ಬೆಳಿಗ್ಗೆ ಕಲ್ಲು ನೆಡುವುದಿತ್ತು.

“ಇಲ್ಲ,” ಎಂದಳು. “ಇತ್ತೋ ಇಲ್ವೋ ನನಗೆ ಗೊತ್ತಿಲ್ಲ. ಅವತ್ತೂ ಗೊತ್ತಿರಲಿಲ್ಲ. ಗೊತ್ತಿರೋ ಹಾಗೆ ಮಾತಾಡಿದೆ. ನಾನು ಮಾಡಿದ ತಪ್ಪು ಅದೇ. ಅವಳು ಆ ಮನೇಲಿ ಯಾಕಿದ್ಲು, ಯಾವ ಕೆಲಸ ಮಾಡಿದ್ಲು, ಯಾರ ಬದಲಿಗೆ ಮಾಡಿದ್ಲು, ಇಷ್ಟೇ ನಾನು ಹೇಳಬಲ್ಲೆ.”

ಕಿಟಕಿಯಾಚೆ ಟ್ರ್ಯಾಕ್ಟರೊಂದು ಹೋಯಿತು. ಎಫೀ ಭೂತಗನ್ನಡಿಯನ್ನು ಕಾಗದದ ಮೇಲೆ ಇಟ್ಟಳು.

“ಸಾಯೋ ವಾರ ಅಜ್ಜಿ ನನ್ನನ್ನ ಹತ್ರ ಕರೆದ್ರು,” ಎಂದಳು. “ಕಲ್ಲಿನ ಮೇಲೆ ನನ್ನ ಹೆಸರಿಗೆ ಮೊದಲು ಎರಡು ಸಾಲು ಖಾಲಿ ಬಿಡಿಸು ಅಂದ್ರು. ನನಗಾಗ ಇಪ್ಪತ್ತಮೂರು. ಯಾಕೆ ಅಂತ ಕೇಳಲಿಲ್ಲ. ಅಜ್ಜೀನ ಯಾಕೆ ಅಂತ ಯಾರೂ ಕೇಳ್ತಿರಲಿಲ್ಲ. ನೀವು ಹೇಳಿದ ಮೇಲೆ ಅಂದ್ಕೊಂಡೆ, ಅಪ್ಪನ ಪಾಪಕ್ಕೆ ಜಾಗ ಬಿಡಿಸಿದಾರೆ, ಅದನ್ನ ನನ್ನ ಕೈಯಿಂದ ಮಾಡಿಸಿದಾರೆ ಅಂತ. ಆಮೇಲೆ ನಾನು ಆ ಕಲ್ಲಿನ ಹತ್ರ ಹೋಗೋದನ್ನೇ ಬಿಟ್ಟೆ. ಭಾನುವಾರ ಭಾನುವಾರ ಚರ್ಚಿಗೆ ಹೋಗಿ ಪಕ್ಕದ ಗೇಟಿಂದ ಮನೆಗೆ ಬರ್ತಿದ್ದೆ. ಕಲ್ಲು ವಾಲ್ತಾ ಇದೆ ಅಂತಲೇ ನನಗೆ ಗೊತ್ತಾಗಲಿಲ್ಲ.”

ಎಲ್ಸ್‌ಪೆತ್ ಕೈಗವಸುಗಳನ್ನು ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟು ಸರಿಮಾಡಿದಳು.

“ಅಜ್ಜಿ ತಾನೇ ಯಾಕೆ ಹೆಸರು ಹಾಕಿಸಲಿಲ್ಲ ಅತ್ತೆ?” ವಾಟ್ ಕೇಳಿದ. “ಹೂಳಿಸಿದ್ದು ಅವರೇ ತಾನೆ?”

“ಮೇರಿಯನ್ ಸತ್ತ ವರ್ಷ ಕಲ್ಲುಕುಟಿಗ ಯುದ್ಧಕ್ಕೆ ಹೋಗಿದ್ದ, ವಾಪಸ್ ಬರಲಿಲ್ಲ. ಅದೊಂದು. ಇನ್ನೊಂದು...” ಎಫೀ ಗೋಡೆಯ ಫೋಟೋ ಕಡೆ ನೋಡಿದಳು. “ತಾನು ಯಾರ ಬೆನ್ನು ಬಗ್ಗಿಸಿ ಓದಿದೆ ಅಂತ ಊರಿಗೆ ಹೇಳೋಕೆ ನಾಚಿಕೆಯಾಯ್ತೋ ಏನೋ. ಒಳ್ಳೆಯವರಿಗೂ ನಾಚಿಕೆ ಇರತ್ತೆ. ಇಲ್ಲ, ಏನು ಅಂತ ಬರೆಸಬೇಕು ಅಂತಲೇ ಹೊಳೀಲಿಲ್ವೋ. ತಾಯಿ ಅನ್ನೋ ಹಾಗಿಲ್ಲ, ಅಕ್ಕ ಅನ್ನೋ ಹಾಗಿಲ್ಲ.”

“ನಾವು ಮನೆಯವರ ಗೆಳತಿ ಅಂತ ಹಾಕ್ಸೋಣ.”

“ಗೆಳತಿಯಂತೆ! ಅದಕ್ಕಿಂತ ಇವರು ಅವತ್ತು ಹೇಳಿದ್ದೇ ವಾಸಿ.”

ವಾಟ್ ನಗಬೇಕೋ ಬೇಡವೋ ತಿಳಿಯದೆ ಎಲ್ಸ್‌ಪೆತ್‌ಳನ್ನು ನೋಡಿದ. ಎಲ್ಸ್‌ಪೆತ್‌ಗೆ ಒಂದು ಸಲಹೆ ತುದಿನಾಲಗೆಯವರೆಗೆ ಬಂದಿತ್ತು. ಆದರೆ ಕೇಳದೆ ಹೇಳಬಾರದು ಎಂದು ಬಾಯಿ ಮುಚ್ಚಿಕೊಂಡಳು. ಎಫೀ ಅದನ್ನು ಗಮನಿಸಿದಳು.

“ಹೇಳಿ ಮಿಸ್ ವಿಂಡ್ರಮ್. ನಿಮ್ಮ ಹತ್ರ ಕಸುಬಿನ ಹೆಸರುಗಳ ಪೆಟ್ಟಿಗೆ ಇದ್ಯಂತಲ್ಲ.”

“ನನ್ನ ಅಪ್ಪನ ಕಸುಬಿನ ಮೇಲೆ ಒಬ್ಬ ಗೆರೆ ಎಳೆದು ಕೂಲಿ ಅಂತ ಬರೆದ. ನಾನಾದ್ರೆ ಅವಳ ಕಸುಬನ್ನ ಅವಳ ಕಾಲದಲ್ಲಿ ಹೇಗೆ ಕರೀತಿದ್ರೋ ಹಾಗೇ ಬರೆಸ್ತೀನಿ.”

“ಬಾಂಡೇಜರ್ ಅಂತ? ಜೀತದೋಳು ಅಂದ್ಕೊಳ್ಳಲ್ವಾ ಜನ?” ವಾಟ್ ಕೇಳಿದ.

“ಅಂದ್ಕೊಂಡೋರು ಬಂದು ನನ್ನನ್ನ ಕೇಳಲಿ,” ಎಂದಳು ಎಫೀ. “ನಾನಿರೋವರೆಗೆ ನಾನು ಹೇಳ್ತೀನಿ. ಆಮೇಲೆ ನೀನು ಹೇಳು. ಪೆನ್ನು ಕೊಡು.”

ಕಲ್ಲುಕುಟಿಗನ ಕಾಗದದ ಮೇಲೆ ಆಕೆ ಮೊದಲು ಎರಡು ಸಾಲುಗಳನ್ನು ಅಂಚೆಕಚೇರಿಯ ಸ್ಪಷ್ಟ ಅಕ್ಷರದಲ್ಲಿ ಬರೆದಳು. ಮೇರಿಯನ್ ಲಿಲಿ ಎಂದು ಒಂದು ಸಾಲು. ಬ್ಲ್ಯಾಕ್‌ರಿಗ್‌ನ ಬಾಂಡೇಜರ್, 1916 ಎಂದು ಇನ್ನೊಂದು. ಕೆಳಗೆ ಸಹಿ ಹಾಕಿ, ಶಾಯಿ ಒಣಗಲೆಂದು ಊದಿದಳು. ವಾಟ್ ಫೋನ್ ಮಾಡಿದ. ಸಂಜೆಯೊಳಗೆ ಮುಗಿಯುತ್ತದೆ, ಆದರೆ ಕಾಗದ ಈಗಲೇ ಬೇಕು ಎಂದನಂತೆ ಕಲ್ಲುಕುಟಿಗ. ವಾಟ್ ಅದನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು ಹೊರಟ. ಮಿಸ್ ಅವರನ್ನು ಡನ್ಸ್‌ಗೆ ಬಿಡೋಣವೆಂದರೆ ಕಲ್ಲುಕುಟಿಗನ ಊರು ಅದರ ವಿರುದ್ಧ ದಿಕ್ಕಿಗಿತ್ತು.

“ನನಗೆ ಬಸ್ಸಿದೆ, ನೀನು ಹೋಗು,” ಎಂದಳು ಎಲ್ಸ್‌ಪೆತ್.

ಬಸ್ಸಿರಲಿಲ್ಲ. ರಸ್ತೆಯ ಆಚೆ ಬದಿಯ ತಂಗುದಾಣಕ್ಕೆ ಬಂದು ನೋಡಿದರೆ ಹನ್ನೆರಡೂ ಕಾಲರ ಬಸ್ಸು ಹೋಗಿ ಐದು ನಿಮಿಷವಾಗಿತ್ತು. ಮುಂದಿನದು ಎರಡು ಗಂಟೆಗೆ. ಅವಳು ಬೆಂಚಿನ ಮೇಲೆ ಕೂತು ಕೋಟಿನ ಕಾಲರ್ ಎತ್ತಿಕೊಂಡಳು. ಕ್ಷಮಿಸಿದೆ ಎಂದು ಎಫೀ ಹೇಳಿರಲಿಲ್ಲ. ಹೇಳಬೇಕೆಂದೂ ಇರಲಿಲ್ಲ. ಹದಿನೇಳು ವರ್ಷದ ಭಾನುವಾರಗಳನ್ನು ಯಾರೂ ವಾಪಸು ಕೊಡಲಾರರು. ಎದುರಿನ ಹೊಲದಲ್ಲಿ ಗಾಳಿ ಕೂಳೆಯ ಮೇಲೆ ಹಾದು ಬರುತ್ತಿತ್ತು. ಈ ಹೊಲವೂ ಬ್ಲ್ಯಾಕ್‌ರಿಗ್‌ಗೆ ಸೇರಿದ್ದಿರಬಹುದೇ ಎಂದು ಅವಳು ನೋಡುತ್ತಿದ್ದಳು. ಅವಳಿಗೆ ಗೊತ್ತಿರಲಿಲ್ಲ, ಡೂಗಲ್‌ನನ್ನು ಕೇಳಬೇಕು.

ಬಾಗಿಲು ತೆಗೆದ ಸದ್ದಾಯಿತು. ಮನೆಯ ಚಪ್ಪಲಿಯಲ್ಲೇ, ಏಪ್ರನ್ ಬಿಚ್ಚದೆ, ಎಫೀ ರೆಂಟನ್ ರಸ್ತೆಯ ಎರಡೂ ಕಡೆ ನೋಡಿ ನಿಧಾನವಾಗಿ ದಾಟಿ ಬಂದಳು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಬಟ್ಟಲು, ಅದರ ಮೇಲೆ ಮುಚ್ಚಿದ ತಟ್ಟೆ, ತಟ್ಟೆಯ ಮೇಲೆ ಚಮಚ. ಕೊಬ್ಬಿನಲ್ಲಿ ಈರುಳ್ಳಿಯ ಜೊತೆ ಬೇಯಿಸಿದ ಆಲೂಗೆಡ್ಡೆಯ ಸ್ಟೋವೀಸ್, ಮೇಲೆ ಒಂದು ಓಟ್ಸ್ ರೊಟ್ಟಿ. ಒಬ್ಬರಿಗೆಂದು ಮಾಡಿದ ಅಡಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚೇ ಇತ್ತು. ಆಕೆ ಬಟ್ಟಲನ್ನು ಎಲ್ಸ್‌ಪೆತ್‌ಳ ಎರಡೂ ಕೈಗಳ ನಡುವೆ ಇಟ್ಟಳು.